ಕೈಯಿಂದ ಮಾಡುವ ಗಾಜಿನ ಗೋಲಿಗೆ ಅಚ್ಚು: ಆಯ್ಕೆ, ಬಳಕೆ, ಆರೈಕೆ – ಪದೇ ಪದೇ ಕೇಳುವ ಪ್ರಶ್ನೆಗಳು

ಮೇಜಿನ ಮೇಲಿನ ಟಾರ್ಚ್ ಉರಿಯಲ್ಲಿ ಗಾಜಿನ ಕಡ್ಡಿಯನ್ನು ಕರಗಿಸಿ, ಒಂದೊಂದಾಗಿ ಗೋಲಿ ಮಾಡುವವರಿಗಾಗಿ ಈ ಪ್ರಶ್ನೋತ್ತರವನ್ನು ಬರೆಯಲಾಗಿದೆ. ಗಾಜಿನ ಮಣಿ ಮಾಡಿ ಕೈ ಪಳಗಿದ್ದು, ಈಗ ಗೋಲಿಗೆ ಕೈಹಾಕುತ್ತಿರುವವರು ಎದುರಿಸುವ ತೊಡಕುಗಳಲ್ಲಿ ಹೆಚ್ಚಿನವು ಅಚ್ಚಿನ ಸುತ್ತಲೇ ಇರುವುದರಿಂದ ಉತ್ತರಗಳೂ ಅದರ ಸುತ್ತಲೇ ಇವೆ.

ಗೋಲಿಯ ಅಚ್ಚು ಎಂದರೆ ಕರಗಿದ ಗಾಜನ್ನು ಒಳಗೆ ಸುರಿದು ಮುಚ್ಚುವ ಅಚ್ಚೇ?

ಅಲ್ಲ. ಲೋಹದ ಎರಕಕ್ಕೆ ಬಳಸುವ ಅಚ್ಚಿಗೂ ಇದಕ್ಕೂ ಹೋಲಿಕೆ ಬಹಳ ಕಡಿಮೆ. ಗೋಲಿಯ ಅಚ್ಚು ಮೇಲೆ ತೆರೆದಿರುವ, ಬಟ್ಟಲಿನಂಥ ಒಂದು ಅಥವಾ ಹಲವು ಕುಳಿಗಳನ್ನು ಕೊರೆದ ಗಟ್ಟಿ ತುಂಡು, ಅಷ್ಟೆ. ಕಡ್ಡಿಯ ತುದಿಯಲ್ಲಿ ಮೆತ್ತಗಾಗಿರುವ ಗಾಜಿನ ಮುದ್ದೆಯನ್ನು ಆ ಕುಳಿಯಲ್ಲಿ ಕೂರಿಸಿ, ಎಲ್ಲ ದಿಕ್ಕಿಗೂ ಹೊರಳಿಸುತ್ತ ತಿರುಗಿಸಬೇಕು. ಅಂಗೈಯಲ್ಲಿ ಎಳ್ಳುಂಡೆ ಕಟ್ಟುವಾಗ ಅದು ಗುಂಡಗಾಗುವುದು ಒತ್ತಿದ್ದರಿಂದಲ್ಲ, ಹೊರಳಿಸಿದ್ದರಿಂದ, ಇಲ್ಲಿಯೂ ಹಾಗೆಯೇ.

ಎರಡು ಅರ್ಧಗೋಳಗಳ ನಡುವೆ ಗಾಜನ್ನು ಒತ್ತುವ ಇಕ್ಕಳದಂಥ ಅಚ್ಚುಗಳೂ ಇವೆ. ಆದರೆ ಅವು ಕೂಡುವಲ್ಲಿ ಸುತ್ತಲೂ ಒಂದು ಏಣು ಉಳಿಯುತ್ತದೆ, ಗಾಜು ತುಸು ಹೆಚ್ಚಾದರೂ ಅಂಚಿನಿಂದ ಹೊರಗೆ ಉಕ್ಕುತ್ತದೆ. ಒಂದೇ ಅಳತೆಯ ಮಣಿಗಳನ್ನು ಬೇಗ ಬೇಗ ಮಾಡಲು ಅವು ಸರಿ. ಒಳಗೆ ಚಿತ್ತಾರವಿರುವ ಗೋಲಿಗೆ ಅವನ್ನು ನಾನು ಶಿಫಾರಸು ಮಾಡುವುದಿಲ್ಲ.

ಅಚ್ಚಿಲ್ಲದೆಯೇ ಗೋಲಿ ಗುಂಡಗಾಗುವುದಿಲ್ಲವೇ?

ಬಹುಮಟ್ಟಿಗೆ ಆಗುತ್ತದೆ. ಮೆತ್ತಗಾದ ಗಾಜನ್ನು ಅದರ ಮೇಲ್ಮೈ ಎಳೆತವೇ ಗೋಳದತ್ತ ಎಳೆಯುತ್ತದೆ, ಗುರುತ್ವ ಅದನ್ನು ಕೆಳಕ್ಕೆ ಜೋಲಿಸುತ್ತದೆ. ಕಡ್ಡಿಯನ್ನು ಒಂದೇ ವೇಗದಲ್ಲಿ ತಿರುಗಿಸುತ್ತಿದ್ದರೆ ಜೋಲುವಿಕೆ ಒಂದು ಕಡೆಗೆ ಸೇರದೆ ಸುತ್ತಲೂ ಹಂಚಿಹೋಗಿ, ಮೇಲ್ಮೈ ಎಳೆತದ ಕೈ ಮೇಲಾಗುತ್ತದೆ. ಸುಮಾರು 12 ಮಿಲಿಮೀಟರ್ ಗಾತ್ರದವರೆಗಿನ ಗೋಲಿಗಳನ್ನು ಬರೀ ಉರಿ ಮತ್ತು ತಿರುಗುವಿಕೆಯಿಂದಲೇ ಕಣ್ಣಿಗೆ ಗುಂಡಗೆ ಕಾಣುವಂತೆ ಮಾಡಬಹುದು. ಗಾತ್ರ ಹೆಚ್ಚಿದಂತೆ ತೂಕ ಮೇಲ್ಮೈ ಎಳೆತವನ್ನು ಮೀರಿಸುತ್ತದೆ. ಕಡ್ಡಿ ಅಂಟಿದ ಕಡೆಯಂತೂ ಗಾಜು ಎಂದೂ ತಾನಾಗಿ ಗುಂಡಗಾಗದು. ಅಚ್ಚಿನ ಕೆಲಸ ಆರಂಭವಾಗುವುದು ಅಲ್ಲಿಂದ.

ಹೊಸಬರು ಈ ಅನುಕ್ರಮವನ್ನು ಹಲವು ಸಲ ತಿರುಗುಮುರುಗು ಮಾಡಿಕೊಳ್ಳುತ್ತಾರೆ. ಉರಿಯಲ್ಲೇ ನೂರಕ್ಕೆ ತೊಂಬತ್ತರಷ್ಟು ಗುಂಡಗಾದ ಮುದ್ದೆಯನ್ನು ತಿದ್ದಲು ಅಚ್ಚನ್ನು ಬಳಸಬೇಕೇ ಹೊರತು, ಸೊಟ್ಟ ಮುದ್ದೆಯನ್ನು ಅದರೊಳಗೆ ತುರುಕಿ ಗೋಳ ಮಾಡುವ ಆಸೆ ಬೇಡ.

ಒಂದು ಕುಳಿಯಲ್ಲಿ ಹೊರಳಿಸಿದ ಮಾತ್ರಕ್ಕೆ ಪೂರ್ಣ ಗೋಳ ಹೇಗೆ ಬರುತ್ತದೆ?

ಗೋಳವನ್ನು ಯಾವ ಕಡೆಯಿಂದ ಹಿಡಿದು ಒಂದೇ ಆಳಕ್ಕೆ ಕತ್ತರಿಸಿದರೂ ಕಾಣುವ ವೃತ್ತ ಒಂದೇ ಅಳತೆಯದು. ಈ ಗುಣ ಬೇರೆ ಯಾವ ಆಕಾರಕ್ಕೂ ಇಲ್ಲ. ಆದ್ದರಿಂದ ಒಂದು ದುಂಡನೆಯ ಅಂಚಿನ ಮೇಲೆ ಮೆತ್ತನೆಯ ವಸ್ತುವನ್ನು ಕೂರಿಸಿ ಎಲ್ಲ ದಿಕ್ಕಿಗೂ ತಿರುಗಿಸುತ್ತಿದ್ದರೆ, ಎಲ್ಲಿ ಉಬ್ಬಿದೆಯೋ ಅಲ್ಲಿ ಅಂಚು ಒತ್ತುತ್ತದೆ, ಎಲ್ಲಿ ತಗ್ಗಿದೆಯೋ ಅಲ್ಲಿ ತಾಗದೆ ಬಿಡುತ್ತದೆ, ಕೊನೆಗೆ ಗೋಳವಷ್ಟೇ ಉಳಿಯುತ್ತದೆ. ಕಲ್ಲಿನ ಗುಂಡುಗಳನ್ನು ಕೊಳವೆಯ ಬಾಯಿಗಿಟ್ಟು ಉಜ್ಜಿ ಮಾಡುವುದೂ ಇದೇ ತತ್ತ್ವದಿಂದ. ತಳವೇ ಇಲ್ಲದೆ ಬರೀ ತೂತಿರುವ ಗ್ರಾಫೈಟ್ (ಪೆನ್ಸಿಲ್ ಕಡ್ಡಿಯಲ್ಲಿರುವ ಇಂಗಾಲದ ರೂಪ) ಹಲಗೆಯಿಂದಲೂ ಗೋಲಿ ಮಾಡಬಹುದಾಗಿರುವುದು ಇದಕ್ಕೇ.

‘ಎಲ್ಲ ದಿಕ್ಕಿಗೂ’ ಎಂಬುದೇ ಇದರ ಷರತ್ತು. ಕಡ್ಡಿಯನ್ನು ಒಂದೇ ಕೋನದಲ್ಲಿ ಹಿಡಿದು ಬರೀ ಅದರ ಅಕ್ಷದ ಮೇಲೆ ತಿರುಗಿಸುತ್ತಿದ್ದರೆ ಸಿಗುವುದು ಲೇತಿನಲ್ಲಿ ಕಡೆದಂಥ ಆಕಾರ. ಅದು ಮೊಟ್ಟೆಯೂ ಆಗಬಹುದು, ಬುಗುರಿಯೂ ಆಗಬಹುದು.

ಯಾವ ವಸ್ತುವಿನ ಅಚ್ಚು ಒಳ್ಳೆಯದು: ಗ್ರಾಫೈಟ್, ಹಿತ್ತಾಳೆ, ಉಕ್ಕು, ಮರ?

ಟಾರ್ಚ್ ಕೆಲಸಕ್ಕೆ ಗ್ರಾಫೈಟ್. ಕರಗಿದ ಗಾಜು ಅದಕ್ಕೆ ಅಂಟುವುದಿಲ್ಲ, ಅದರ ಮೇಲೆ ಸಲೀಸಾಗಿ ಜಾರುತ್ತದೆ. ಬಿಸಿಗೆ ಗ್ರಾಫೈಟ್ ಸೊಟ್ಟಗಾಗುವುದಿಲ್ಲ, ಥಟ್ಟನೆ ಬಿಸಿಯಾದರೂ ತಣಿದರೂ ಸೀಳುವುದಿಲ್ಲ, ಹಗುರವಾಗಿರುವುದರಿಂದ ಹಿಡಿದ ಕೈ ಸೋಲುವುದಿಲ್ಲ. ಅದಕ್ಕಿರುವ ದೋಷ ಎರಡು: ಬಿದ್ದರೆ ಅಂಚು ಚಕ್ಕೆ ಏಳುತ್ತದೆ, ಮತ್ತು ಗಾಳಿಯಲ್ಲಿ ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ ದಾಟಿದರೆ ನಿಧಾನವಾಗಿ ಉರಿದು ಸವೆಯುತ್ತದೆ.

ಹಿತ್ತಾಳೆ ಅಚ್ಚು ಮಣಿ ಮಾಡುವವರ ಬಳಿ ಸಾಮಾನ್ಯ. ನುಣುಪಾಗಿ ಹೊಳಪು ಕೊಟ್ಟ ಹಿತ್ತಾಳೆಯು ಗಾಜಿಗೂ ಒಳ್ಳೆಯ ನುಣುಪನ್ನೇ ಕೊಡುತ್ತದೆ. ಆದರೆ ಅಚ್ಚು ಮಿತಿಮೀರಿ ಬಿಸಿಯಾದೊಡನೆ ಗಾಜು ಅಂಟಲು ತೊಡಗುತ್ತದೆ. ನಡುನಡುವೆ ಅದನ್ನು ತಣಿಯಲು ಬಿಡಬೇಕು. ಉಕ್ಕಿನದೂ ಇದೇ ಪಾಡು, ಜೊತೆಗೆ ತುಕ್ಕಿನ ಕಾಟ. ಮರದ ಅಚ್ಚು ಟಾರ್ಚಿನದಲ್ಲ, ದೊಡ್ಡ ಕುಲುಮೆಯಿಂದ ಗಾಜು ಎತ್ತಿ ಕೆಲಸ ಮಾಡುವವರದು: ಚೆರಿಯಂಥ ಹಣ್ಣಿನ ಮರದ ತುಂಡಿನಲ್ಲಿ ಕುಳಿ ಕೆತ್ತಿ, ಅದನ್ನು ಸದಾ ನೀರಿನಲ್ಲಿ ನೆನೆಹಾಕಿರುತ್ತಾರೆ. ಗಾಜು ತಾಗಿದೊಡನೆ ಏಳುವ ಹಬೆಯ ತೆಳುಪದರವೇ ಗಾಜನ್ನೂ ಮರವನ್ನೂ ಬೇರೆ ಇಡುತ್ತದೆ. ಅಷ್ಟು ಬಿಸಿಯಾಗಲಿ ಅಷ್ಟು ಗಾಜಾಗಲಿ ಟಾರ್ಚಿನ ಮುಂದೆ ಇರುವುದಿಲ್ಲವಾದ್ದರಿಂದ ಸಣ್ಣ ಗೋಲಿಗೆ ಮರವನ್ನು ಬಳಸಹೋದರೆ ಗಾಜು ಬೇಗ ಬಿಗಿದುಕೊಳ್ಳುತ್ತದೆ, ಮಸಿಯೂ ಹತ್ತುತ್ತದೆ.

ಆಟಿಕೆ, ಸಾಬೂನು, ರೆಸಿನ್‌ಗೆ ಬಳಸುವ ಸಿಲಿಕೋನ್ ಅಚ್ಚು ನಡೆಯುತ್ತದೆಯೇ?

ಖಂಡಿತ ನಡೆಯದು. ಅಂಥ ಸಿಲಿಕೋನ್ ಒಲೆಯಲ್ಲಿ ಕೇಕ್ ಬೇಯಿಸುವಷ್ಟು ಬಿಸಿಯನ್ನು ತಾಳುತ್ತದೆ; ಗಾಜು ಅದರ ಹಲವು ಪಟ್ಟು ಬಿಸಿಯಿರುತ್ತದೆ. ಸುಟ್ಟು ಹೊಗೆಯೇಳುವುದಷ್ಟೇ ಲಾಭ.

ಗ್ರಾಫೈಟ್ ಅಚ್ಚನ್ನು ಇಲ್ಲಿಯೇ ಮಾಡಿಸಬಹುದೇ?

ಮಾಡಿಸಬಹುದು. ವಿದ್ಯುತ್ ಕಿಡಿಯಿಂದ ಲೋಹ ಕೊರೆಯುವ ಸ್ಪಾರ್ಕ್ ಇರೋಷನ್ ಯಂತ್ರಗಳಿಗೆ ಎಲೆಕ್ಟ್ರೋಡ್ ಆಗಿ ಗ್ರಾಫೈಟ್ ಬಳಸುವುದರಿಂದ, ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಟೂಲ್‌ರೂಮ್‌ಗಳಿಗೆ ಅದು ಹೊಸ ಸಾಮಗ್ರಿಯಲ್ಲ. ಕೇಳುವಾಗ ‘ನುಣ್ಣನೆಯ ಕಣದ, ಐಸೋಸ್ಟ್ಯಾಟಿಕ್ (ಎಲ್ಲ ಕಡೆಯಿಂದ ಸಮನಾದ) ಒತ್ತಡದಲ್ಲಿ ಮಾಡಿದ ಗ್ರಾಫೈಟ್’ ಎಂದೇ ಕೇಳಬೇಕು. ಕುಲುಮೆಗಳ ದೊಡ್ಡ ಎಲೆಕ್ಟ್ರೋಡುಗಳ ಚೂರು ಅಗ್ಗಕ್ಕೆ ಸಿಕ್ಕರೂ ಅದರ ಕಣ ಒರಟು, ರಂಧ್ರ ಹೆಚ್ಚು; ಎಷ್ಟು ಉಜ್ಜಿದರೂ ಆ ಒರಟು ಗಾಜಿನ ಮೇಲೆ ಮೂಡುತ್ತದೆ. ಒಳ್ಳೆಯ ಗ್ರಾಫೈಟಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.75ರಿಂದ 1.85 ಗ್ರಾಂ ಇರುತ್ತದೆ, ಆದ್ದರಿಂದ ತುಂಡನ್ನು ತೂಗಿ ಅಳೆದರೆ ಒಂದು ಅಂದಾಜು ಸಿಗುತ್ತದೆ.

ಕೊರೆಯಲು ಗೋಳಾಕಾರದ ತುದಿಯ ಕಟರ್ ಸಾಕು, ಗ್ರಾಫೈಟ್ ಬಹಳ ಸುಲಭವಾಗಿ ಕೊರೆಸಿಕೊಳ್ಳುತ್ತದೆ. ತೊಂದರೆ ಇರುವುದು ಧೂಳಿನದು. ಗ್ರಾಫೈಟ್ ಧೂಳು ವಿದ್ಯುತ್ ಹರಿಸುವ ಕಾರಣ ಯಂತ್ರದ ಎಲೆಕ್ಟ್ರಾನಿಕ್ಸ್ ಒಳಗೆ ಸೇರಿದರೆ ಶಾರ್ಟ್ ಆಗುತ್ತದೆ. ಧೂಳು ಹೀರುವ ವ್ಯವಸ್ಥೆಯಿಲ್ಲದ ವರ್ಕ್‌ಶಾಪಿನವರು ‘ಈ ಕೆಲಸ ಬೇಡ ಸ್ವಾಮಿ’ ಎಂದರೆ ಅವರ ಮಾತು ನ್ಯಾಯವಾದದ್ದೇ.

ಕುಳಿಯ ಅಳತೆ ಮತ್ತು ಆಳ ಎಷ್ಟಿರಬೇಕು?

ಅಚ್ಚು ಕೊಳ್ಳುವಾಗ ಎಲ್ಲರೂ ಅಡ್ಡಳತೆಯನ್ನು ಕೇಳುತ್ತಾರೆ, ಆಳವನ್ನು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಅಚ್ಚಿನ ಗುಣ ನಿಂತಿರುವುದು ಆಳ ಮತ್ತು ಅಂಚಿನ ಮೇಲೆ.

25 ಮಿಲಿಮೀಟರ್ ಗೋಲಿಯ ಉದಾಹರಣೆ ನೋಡೋಣ. ಅದರ ತ್ರಿಜ್ಯ 12.5 ಮಿಲಿಮೀಟರ್. ಕುಳಿಯನ್ನೂ ಅದೇ ತ್ರಿಜ್ಯದಲ್ಲಿ ಪೂರ್ತಿ ಅರ್ಧಗೋಳವಾಗಿ ಕೊರೆದರೆ ಗೋಲಿಯ ಕೇಂದ್ರವು ಅಚ್ಚಿನ ಮೇಲ್ಮಟ್ಟಕ್ಕೇ ಬಂದು ನಿಲ್ಲುತ್ತದೆ. ಆಗ ಕಡ್ಡಿಯನ್ನು ಮಲಗಿಸಲು ಹೋದರೆ ಅದು ಅಂಚಿಗೆ ಬಡಿಯುತ್ತದೆ, ಗೋಲಿಯ ನಡುಪಟ್ಟಿಯೂ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಅದೇ ತ್ರಿಜ್ಯವನ್ನು ಉಳಿಸಿಕೊಂಡು ಆಳವನ್ನು 8 ಮಿಲಿಮೀಟರಿಗೆ ಇಳಿಸಿದರೆ ಕುಳಿಯ ಬಾಯಿ ಸುಮಾರು 23.3 ಮಿಲಿಮೀಟರ್ ಆಗುತ್ತದೆ, ಗೋಲಿಯ ಕೇಂದ್ರ ಮೇಲ್ಮಟ್ಟದಿಂದ 4.5 ಮಿಲಿಮೀಟರ್ ಎತ್ತರದಲ್ಲಿರುತ್ತದೆ. 7 ಮಿಲಿಮೀಟರ್ ದಪ್ಪದ ಕಡ್ಡಿಯನ್ನು ಪೂರ್ತಿ ಅಡ್ಡ ಮಲಗಿಸಿದರೂ ಅದರ ಕೆಳಗೆ ಇನ್ನೂ 1 ಮಿಲಿಮೀಟರ್ ಜಾಗ ಉಳಿಯುತ್ತದೆ. ನೇರ ನಿಲುವಿನಿಂದ ಅಡ್ಡಡ್ಡದವರೆಗೆ ಕಡ್ಡಿಯನ್ನು ಓಲಾಡಿಸಲು ಸಾಧ್ಯವಾದಾಗ ಮಾತ್ರ ಗೋಲಿಯ ತುದಿಯಿಂದ ನಡುವಿನವರೆಗಿನ ಅಷ್ಟೂ ಭಾಗವನ್ನು ಅಚ್ಚು ಮುಟ್ಟುತ್ತದೆ. ಆದ್ದರಿಂದ ಆಳವು ಗೋಲಿಯ ಅಡ್ಡಳತೆಯ ಮೂರನೇ ಒಂದು ಭಾಗದ ಆಸುಪಾಸಿನಲ್ಲಿರಲಿ. ಬಳಸುವ ಕಡ್ಡಿ ದಪ್ಪವಿದ್ದರೆ ಇನ್ನೂ ತುಸು ಕಡಿಮೆಯಿರಲಿ.

ಅಂಚು ಚೂಪಾಗಿರಬಾರದು, ಅರ್ಧ ಮಿಲಿಮೀಟರಿನಷ್ಟಾದರೂ ದುಂಡಗೆ ತೀಡಿರಬೇಕು. ಚೂಪಾದ ಅಂಚು ಮೆತ್ತನೆಯ ಗಾಜಿನ ಮೇಲೆ ಬಳೆಯಂಥ ಗೆರೆ ಬಿಡುತ್ತದೆ.

ಗೋಲಿ ಕುಳಿಗಿಂತ ತುಸು ದೊಡ್ಡದಾದರೆ ಅಂಚಿನ ಮೇಲೆ ಕೂತು ಮೇಲೆ ಹೇಳಿದ ತತ್ತ್ವದಂತೆಯೇ ಗುಂಡಗಾಗುತ್ತದೆ. ತೀರಾ ಚಿಕ್ಕದಾದರೆ ಕುಳಿಯ ತಳದಲ್ಲಿ ಒಂದೇ ಬಿಂದುವಿನಲ್ಲಿ ನಿಂತು ಚಪ್ಪಟೆ ಮಚ್ಚೆಗಳಾಗುತ್ತವೆ. ಅಂದರೆ ಸಂದೇಹವಿದ್ದಾಗ ಚಿಕ್ಕ ಕುಳಿಯೇ ಮೇಲು.

ಲೋಹದ ಎರಕದವರಂತೆ ಕುಗ್ಗುವಿಕೆಗೆ ಭತ್ಯೆ ಬಿಡಬೇಕೇ ಎಂದು ಕೆಲವರು ವಿಚಾರಿಸುತ್ತಾರೆ. ಬೇಕಿಲ್ಲ. ಬೋರೋಸಿಲಿಕೇಟ್ ಗಾಜಿನ (ಪ್ರಯೋಗಾಲಯದ ಪಾತ್ರೆಗಳಿಗೆ ಬಳಸುವ, ಬಿಸಿಗೆ ಕಡಿಮೆ ಹಿಗ್ಗುವ ಗಾಜು) 25 ಮಿಲಿಮೀಟರ್ ಗೋಲಿ ಕಿಲ್ನ್ (ಗೋಲಿಯನ್ನು ನಿಧಾನವಾಗಿ ತಣಿಸುವ ಗೂಡು) ಬಿಸಿಯಿಂದ ಕೋಣೆಯ ಬಿಸಿಗೆ ಬರುವಷ್ಟರಲ್ಲಿ 0.05 ಮಿಲಿಮೀಟರಿನಷ್ಟೂ ಕುಗ್ಗುವುದಿಲ್ಲ.

ಮೊದಲಿಗೆ ಎಷ್ಟು ಅಚ್ಚು ಕೊಳ್ಳಬೇಕು?

ಒಂದು. 16, 20 ಮತ್ತು 25 ಮಿಲಿಮೀಟರ್ ಗೋಲಿಗಳಿಗೆ ಮೂರು ಕುಳಿಗಳಿರುವ, ಹಿಡಿಯಿರುವ ಒಂದು ಗ್ರಾಫೈಟ್ ತುಂಡು ಬಹಳ ಕಾಲ ಸಾಕಾಗುತ್ತದೆ. ಆಟದ ಗೋಲಿಯ ರೂಢಿಯ ಅಳತೆ ಸುಮಾರು 16 ಮಿಲಿಮೀಟರ್. 25 ಮಿಲಿಮೀಟರಿನದು ಒಳಗಿನ ಚಿತ್ತಾರ ಕಾಣಲು ಸಾಲುವಷ್ಟು ದೊಡ್ಡದು, ಆದರೆ ಸಣ್ಣ ಟಾರ್ಚನ್ನು ಸೋಲಿಸುವಷ್ಟಲ್ಲ. ಹಿಡಿಯಿಲ್ಲದೆ ಮೇಜಿನ ಮೇಲೆ ಕೂರುವ ಅಚ್ಚು ಅಗ್ಗ, ಆದರೆ ಅದರತ್ತ ಗಾಜನ್ನು ಕೊಂಡೊಯ್ಯುವಷ್ಟರಲ್ಲಿ ಬಿಸಿ ಇಳಿದಿರುತ್ತದೆ. ಹಿಡಿಯಿರುವ ಅಚ್ಚನ್ನು ಉರಿಯ ಪಕ್ಕಕ್ಕೇ ತರಬಹುದು. ಹತ್ತು ಕುಳಿಗಳ ದೊಡ್ಡ ಹಲಗೆ ನೋಡಲು ಚೆಂದ, ಎತ್ತಿ ಹಿಡಿಯಲು ಭಾರ.

ಒಂದು ಗೋಲಿಗೆ ಎಷ್ಟು ಗಾಜು ಬೇಕೆಂದು ಮೊದಲೇ ತಿಳಿಯುವುದು ಹೇಗೆ?

ಕುಳಿಗೆ ಸರಿಹೊಂದುವಷ್ಟೇ ಗಾಜು ಸೇರಿಸುವುದು ಅಚ್ಚಿನ ಅರ್ಧ ಕೆಲಸವನ್ನು ಮುಗಿಸಿದಂತೆ, ಮತ್ತು ಅದಕ್ಕೆ ಊಹೆಗಿಂತ ಲೆಕ್ಕ ಒಳ್ಳೆಯದು. ಗೋಳದ ಘನಫಲ ಎಂದರೆ ಅಡ್ಡಳತೆಯ ಘನವನ್ನು 0.5236ರಿಂದ ಗುಣಿಸಿದಷ್ಟು. 25 ಮಿಲಿಮೀಟರ್ ಗೋಲಿಗೆ ಇದು ಸುಮಾರು 8.2 ಘನ ಸೆಂಟಿಮೀಟರ್. ಬೋರೋಸಿಲಿಕೇಟಿನ ಸಾಂದ್ರತೆ 2.23 ಆದ್ದರಿಂದ ತೂಕ ಸುಮಾರು 18 ಗ್ರಾಂ. ಸೋಡಾ-ಸುಣ್ಣದ ಮೆತ್ತನೆಯ ಗಾಜಿನ ಸಾಂದ್ರತೆ ಸುಮಾರು 2.5, ಹಾಗಾಗಿ 20 ಗ್ರಾಂಗೆ ತುಸು ಹೆಚ್ಚು. 12 ಮಿಲಿಮೀಟರ್ ದಪ್ಪದ ಕಡ್ಡಿಯಾದರೆ 72 ಮಿಲಿಮೀಟರ್ ಉದ್ದ ಕರಗಿಸಿದಾಗ ಅಷ್ಟು ಗಾಜು ಸೇರುತ್ತದೆ. 16 ಮಿಲಿಮೀಟರ್ ಗೋಲಿಗೆ 7 ಮಿಲಿಮೀಟರ್ ಕಡ್ಡಿಯ 56 ಮಿಲಿಮೀಟರ್ ಸಾಕು. ಕಡ್ಡಿಯ ಮೇಲೆ ಮೊದಲೇ ಗುರುತು ಹಾಕಿಟ್ಟುಕೊಳ್ಳಿ.

ಅಡ್ಡಳತೆ ಇಮ್ಮಡಿಸಿದರೆ ಗಾಜು ಎಂಟು ಪಟ್ಟಾಗುತ್ತದೆ: 50 ಮಿಲಿಮೀಟರಿನ ಬೋರೋಸಿಲಿಕೇಟ್ ಗೋಲಿಯ ತೂಕ ಸುಮಾರು 146 ಗ್ರಾಂ. ದೊಡ್ಡ ಕುಳಿಯ ಅಚ್ಚಿಗೆ ಹಣ ಕೊಡುವ ಮೊದಲು, ಅಷ್ಟು ಗಾಜನ್ನು ನಡುವಿನವರೆಗೂ ಬಿಸಿಯಾಗಿಡುವ ಟಾರ್ಚ್ ತಮ್ಮಲ್ಲಿದೆಯೇ ಎಂದು ನೋಡಿಕೊಳ್ಳಬೇಕಾದದ್ದು ಇದಕ್ಕೆ.

ಮೆತ್ತನೆಯ ಗಾಜಿಗೊಂದು, ಬೋರೋಸಿಲಿಕೇಟಿಗೊಂದು ಬೇರೆ ಬೇರೆ ಅಚ್ಚು ಬೇಕೇ?

ಅಚ್ಚು ಅದೇ, ಬಳಸುವ ರೀತಿ ಬೇರೆ. ಸೋಡಾ-ಸುಣ್ಣದ ಗಾಜು ಸುಮಾರು 700 ಡಿಗ್ರಿಯ ಆಚೀಚೆ ಮೆತ್ತಗಾಗುತ್ತದೆ, ಬೋರೋಸಿಲಿಕೇಟ್ ಸುಮಾರು 820 ಡಿಗ್ರಿಗೆ. ಹೆಚ್ಚು ಬಿಸಿಯಲ್ಲಿರುವ ವಸ್ತು ಬೇಗ ಬಿಸಿ ಕಳೆದುಕೊಳ್ಳುವುದರಿಂದ ಬೋರೋಸಿಲಿಕೇಟ್ ಅಚ್ಚಿನಲ್ಲಿ ಬೇಗನೆ ಬಿಗಿಯುತ್ತದೆ. ಅದಕ್ಕೆ ಚುರುಕು ಕೈ ಮತ್ತು ಬಹಳ ಸಲ ಉರಿಗೆ ಮರಳುವ ತಾಳ್ಮೆ ಬೇಕು. ಮೆತ್ತನೆಯ ಗಾಜು ಹೆಚ್ಚು ಹೊತ್ತು ಬಾಗುತ್ತಿರುತ್ತದೆಯಾದರೂ ಥಟ್ಟನೆ ತಣಿದರೆ ಬಿರಿಯುತ್ತದೆ, ಆದ್ದರಿಂದ ಅದಕ್ಕೆ ತಣ್ಣನೆಯ ಅಚ್ಚು ಅಪಾಯ.

ಬೆರೆಸುವುದು ಮಾತ್ರ ಸಲ್ಲದು. ಇವೆರಡರ ಹಿಗ್ಗುವಿಕೆಯ ಪ್ರಮಾಣದಲ್ಲಿ ಸುಮಾರು ಮೂರು ಪಟ್ಟು ವ್ಯತ್ಯಾಸವಿದೆ. ಒಡೆದ ಬಳೆ, ಬಾಟಲಿ ಚೂರುಗಳಿಂದ ಮಾಡಬಹುದೇ ಎಂಬ ಪ್ರಶ್ನೆಗೂ ಇದೇ ಉತ್ತರ: ಒಂದೇ ಬಾಟಲಿಯ ಗಾಜಿನಿಂದ ಒಂದು ಗೋಲಿ ಆದೀತು, ಎರಡು ಬಗೆಯ ಚೂರುಗಳನ್ನು ಸೇರಿಸಿದ್ದು ತಣಿದ ಮೇಲೆ ಎಂದಾದರೂ ಬಿರಿಯುತ್ತದೆ.

ಅಚ್ಚನ್ನು ಮೊದಲೇ ಬಿಸಿ ಮಾಡಬೇಕೇ?

ಮಾಡಬೇಕು. ಗ್ರಾಫೈಟ್ ಬಿಸಿಯನ್ನು ಬಹಳ ಬೇಗ ಎಳೆದುಕೊಳ್ಳುತ್ತದೆ. ತಣ್ಣನೆಯ ಅಚ್ಚಿಗೆ ತಾಗಿದ ಗಾಜಿನ ಚರ್ಮ ಒಡನೆಯೇ ಬಿಗಿದು ನಿರಿಗೆಗಟ್ಟುತ್ತದೆ. ಕುಳಿಗೆ ಟಾರ್ಚಿನ ಮೆದು ಉರಿಯನ್ನು ಆಗಾಗ ತೋರಿಸಿ, ಮುಟ್ಟಲಾಗದಷ್ಟು ಬಿಸಿ ಮಾಡಿಕೊಳ್ಳಿ. ಕೆಂಪಗಾಗುವಷ್ಟು ಕಾಯಿಸಿದರೆ ಅಚ್ಚೇ ಉರಿದು ಹಾಳಾಗುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನಲ್ಲಿರುವವರು ಇದನ್ನು ಮರೆಯಬಾರದು: ಗ್ರಾಫೈಟಿನ ರಂಧ್ರಗಳು ತೇವ ಹೀರಿರುತ್ತವೆ, ಬಿಸಿ ಗಾಜು ತಾಗಿದಾಗ ಏಳುವ ಹಬೆ ಗಾಜಿನ ಮೇಲೆ ಗುಳಿ ಬೀಳಿಸುತ್ತದೆ.

ಅಚ್ಚಿನಲ್ಲಿ ಗೋಲಿ ತಿರುಗಿಸುವ ಸರಿಯಾದ ಕ್ರಮ ಯಾವುದು?

ಬಲಗೈ ವಾಡಿಕೆಯವರು ಗಾಜಿನ ಕಡ್ಡಿಯನ್ನು ಎಡಗೈಯಲ್ಲಿ ತಿರುಗಿಸುತ್ತ, ಅಚ್ಚನ್ನು ಬಲಗೈಯಲ್ಲಿ ಹಿಡಿಯುವುದು ರೂಢಿ. ಮೊದಲು ಕಡ್ಡಿಯ ತುದಿಯಲ್ಲಿ ಬೇಕಾದಷ್ಟು ಗಾಜನ್ನು ಕೂಡಿಸಿ, ಬಣ್ಣ ಮತ್ತು ಚಿತ್ತಾರದ ಕೆಲಸವನ್ನು ಮುಗಿಸಿ, ಮುದ್ದೆಯನ್ನು ಉರಿಯಲ್ಲೇ ಆದಷ್ಟು ಗುಂಡಗೆ ಮಾಡಿಕೊಳ್ಳಬೇಕು. ಇಡೀ ಮುದ್ದೆ ಒಂದೇ ಹದಕ್ಕೆ ಬಂದ ಮೇಲೆ ಉರಿಯಿಂದ ಹೊರತೆಗೆದು, ಒಂದು ಗಳಿಗೆ ತಿರುಗಿಸುತ್ತ ನಿಲ್ಲಿಸಿ. ಹೊರಚರ್ಮ ತುಸು ಬಿಗಿಯಲಿ. ತೀರಾ ಸಡಿಲವಿದ್ದಾಗಲೇ ಅಚ್ಚಿಗೆ ಕೂರಿಸಿದರೆ ಗಾಜು ಅಂಚಿನ ಮೇಲೆ ಹರಡಿಕೊಳ್ಳುತ್ತದೆ.

ಆಮೇಲೆ ಮುದ್ದೆಯನ್ನು ಕುಳಿಯಲ್ಲಿ ಕೂರಿಸಿ, ಒತ್ತದೆ, ಅದರ ತೂಕವನ್ನಷ್ಟೇ ಬಿಟ್ಟು, ಕಡ್ಡಿಯನ್ನು ಬೆರಳುಗಳ ನಡುವೆ ತಿರುಗಿಸುತ್ತಲೇ ನಿಲುವಿನಿಂದ ಅಡ್ಡಕ್ಕೆ, ಅಡ್ಡದಿಂದ ನಿಲುವಿಗೆ ಓಲಾಡಿಸಬೇಕು. ಅಚ್ಚನ್ನೂ ಎದುರು ದಿಕ್ಕಿಗೆ ಮೆಲ್ಲಗೆ ತೂಗಿದರೆ ಇನ್ನೂ ಒಳ್ಳೆಯದು. ಈ ಕೆಲಸ ಕೆಲವೇ ಸೆಕೆಂಡುಗಳದು. ಗಾಜು ಜಾರುವ ಬದಲು ಕಡಕಡ ಎನ್ನಲು ತೊಡಗಿತೆಂದರೆ ಅದು ಬಿಗಿದಿದೆ ಎಂದರ್ಥ. ಇನ್ನು ಅಚ್ಚಿನಲ್ಲಿಟ್ಟು ಪ್ರಯೋಜನವಿಲ್ಲ, ಉರಿಗೆ ಮರಳಿ. ಉರಿಯಲ್ಲಿ ಒಂದು ಸುತ್ತು, ಅಚ್ಚಿನಲ್ಲಿ ಒಂದು ಸುತ್ತು, ಹೀಗೆ ಹಲವು ಸಲ ಮಾಡಿದಂತೆಲ್ಲ ಹೊರಮೈಯ ತಪ್ಪುಗಳು ಕರಗುತ್ತವೆ.

ಈವರೆಗೆ ಗುಂಡಗಾದದ್ದು ಕಡ್ಡಿಯಿಂದ ದೂರದ ಅರ್ಧ ಮಾತ್ರ. ಈಗ ಆ ಅರ್ಧದ ತುದಿಗೆ ಇನ್ನೊಂದು ಹಿಡಿಕಡ್ಡಿಯನ್ನು ಅಂಟಿಸಿ, ಮೊದಲ ಕಡ್ಡಿಯನ್ನು ಉರಿಯಲ್ಲಿ ಎಳೆದು ಬೇರ್ಪಡಿಸಿ, ಅದರ ಗಂಟನ್ನು ಒಳಕ್ಕೆ ಕರಗಿಸಿ, ಎರಡನೇ ಅರ್ಧವನ್ನೂ ಹಾಗೆಯೇ ಅಚ್ಚಿಗೆ ಕೊಡಬೇಕು. ಬಹುಪಾಲು ಜನ ಇಲ್ಲಿಗೆ ನಿಲ್ಲಿಸಿ, ‘ಗೋಲಿ ಏಕೋ ನಿಂಬೆಹಣ್ಣಿನಂತಿದೆ’ ಎಂದು ಅಚ್ಚನ್ನು ಬೈಯುತ್ತಾರೆ. ಎರಡೂ ಹಿಡಿಗಳು ಒಂದೇ ಅಕ್ಷದ ಎರಡು ತುದಿಗಳಾಗಿರುವುದೇ ಅದಕ್ಕೆ ಕಾರಣ. ಮೂರನೆಯ ಹಿಡಿಕಡ್ಡಿಯನ್ನು ಗೋಲಿಯ ನಡುವಿಗೆ, ಹಳೆಯ ಅಕ್ಷಕ್ಕೆ ಲಂಬವಾಗಿ ಅಂಟಿಸಿ ಇನ್ನೊಮ್ಮೆ ತಿರುಗಿಸಿದರೆ ಆ ಉದ್ದ ಇಳಿದುಹೋಗುತ್ತದೆ. ಹೆಚ್ಚಿನ ದುಡಿಮೆ ನಿಜ, ಆದರೆ ಅಳತೆ ಸರಿಬರುವುದು ಹೀಗೆಯೇ.

ಕೊನೆಯ ಹಿಡಿಕಡ್ಡಿಯ ಗುರುತನ್ನು ಹೇಗೆ ತೆಗೆಯುವುದು?

ಕೊನೆಯ ಹಿಡಿ ತೆಳ್ಳಗಿರಲಿ, ಅದರ ತುದಿಯನ್ನಷ್ಟೇ ಬಿಸಿಮಾಡಿ ಗೋಲಿಗೆ ಮೇಲುಮೇಲೆ ಅಂಟಿಸಿ. ಆಗ ಮೆಲ್ಲಗೆ ತಟ್ಟಿದರೆ ಕಳಚಿಕೊಳ್ಳುತ್ತದೆ. ಗೋಲಿಯನ್ನು ಬಿಸಿಯಾದ ಅಚ್ಚಿನ ಕುಳಿಯಲ್ಲಿ ಗುರುತು ಮೇಲಾಗಿ ಕೂರಿಸಿ, ಕೈಟಾರ್ಚಿನ ಸಣ್ಣ ಉರಿಯಿಂದ ಆ ಜಾಗವನ್ನು ನುಣುಪಾಗಿಸಬಹುದು. ಮೊದಲೇ ಕಾಯಿಸಿಟ್ಟ ಸ್ಟೀಲಿನ ಹಿಡಿಗೊಕ್ಕೆಯಲ್ಲಿ ಹಿಡಿದು ಮಾಡುವವರೂ ಇದ್ದಾರೆ. ಕುಳಿಯಲ್ಲಿ ಬಹಳ ಹೊತ್ತು ಬಿಟ್ಟರೆ ಕೆಳಗಡೆ ತಣಿದು ಬಿರಿಯುತ್ತದೆ, ಆದ್ದರಿಂದ ನಡುನಡುವೆ ಹೊರಳಿಸಬೇಕು.

ಮೇಲ್ಮೈಯಲ್ಲಿ ಅಲೆಯಂಥ ನಿರಿಗೆ, ಕಪ್ಪು ಕಲೆ, ಗೆರೆ ಏಕೆ ಬರುತ್ತವೆ?

ನಿರಿಗೆಗೆ ಕಾರಣ ಅಚ್ಚಿನ ತಂಪು, ಇಲ್ಲವೇ ಬಿಗಿದ ಗಾಜನ್ನು ಇನ್ನೂ ತಿರುಗಿಸುತ್ತಿದ್ದದ್ದು. ಉರಿಯಲ್ಲಿ ಹೊರಚರ್ಮವನ್ನಷ್ಟೇ ಮತ್ತೆ ಮೆತ್ತಗೆ ಮಾಡಿದರೆ ಅದು ತಾನೇ ಮಾಯವಾಗುತ್ತದೆ; ಅಚ್ಚಿನ ಪ್ರತಿ ಸುತ್ತಿನ ಬಳಿಕವೂ ಹೀಗೆ ಉರಿಯ ಹೊಳಪು ಕೊಡುವುದು ಒಳ್ಳೆಯ ಅಭ್ಯಾಸ. ಕಪ್ಪು ಕಲೆ ಗ್ರಾಫೈಟ್ ಪುಡಿಯದು, ಬಿಳಿ ಗಾಜಿನ ಮೇಲೆ ಎದ್ದು ಕಾಣುತ್ತದೆ. ಹೊರಮೈಯಲ್ಲಿದ್ದರೆ ಉರಿಯಲ್ಲಿ ಸುಟ್ಟುಹೋಗುತ್ತದೆ, ಮೇಲೆ ಗಾಜಿನ ಇನ್ನೊಂದು ಪದರ ಹೊದಿಸಿಬಿಟ್ಟರೆ ಒಳಗೇ ಉಳಿಯುತ್ತದೆ. ಬಳೆಯಂಥ ಗೆರೆ ಬಂದರೆ ಅಂಚನ್ನು ನೋಡಿ, ಚಕ್ಕೆ ಎದ್ದಿರುತ್ತದೆ. ಗುಳ್ಳೆಗಳಿಗೆ ಅಚ್ಚು ಹೊಣೆಯಲ್ಲ. ಗಾಜು ಕೂಡಿಸುವಾಗ ಮಡಿಕೆಯಲ್ಲಿ ಗಾಳಿ ಸಿಕ್ಕಿರುತ್ತದೆ.

ಒಳಗಿನ ಚಿತ್ತಾರವನ್ನು ಅಚ್ಚು ಕೆಡಿಸುವುದಿಲ್ಲವೇ?

ಒತ್ತಿದರೆ ಕೆಡಿಸುತ್ತದೆ, ಹೊರಳಿಸಿದರೆ ಇಲ್ಲ. ನಡುವಿನವರೆಗೂ ಮೆತ್ತಗಿರುವ ಗೋಲಿಯನ್ನು ಅಚ್ಚಿನಲ್ಲಿ ಒಂದೇ ದಿಕ್ಕಿಗೆ ತಿರುಗಿಸುತ್ತ ಹೋದರೆ ಹೊರಗಿನ ಗಾಜು ಹಿಂದುಳಿದು, ಒಳಗಿನ ಚಿತ್ತಾರ ತಿರುಚಿಕೊಳ್ಳುತ್ತದೆ. ಹಾಗಾಗಿ ದಿಕ್ಕನ್ನು ಬದಲಿಸುತ್ತಿರಿ, ಚಿತ್ತಾರ ಮುಗಿದ ಮೇಲೆ ಹೊರಚರ್ಮವನ್ನಷ್ಟೇ ಬಿಸಿ ಮಾಡಿ ಅಚ್ಚಿಗೆ ತನ್ನಿ. ಚಿತ್ತಾರದ ಮುಂದೆ ತಿಳಿಗಾಜಿನ ದಪ್ಪ ಪದರವಿರುವ ಗೋಲಿಗಳಲ್ಲಿ ಆ ಪದರವೇ ಭೂತಗನ್ನಡಿಯಾಗಿ ಒಳಗಿನದನ್ನು ಹಿಗ್ಗಿಸಿ ತೋರಿಸುತ್ತದೆ. ಅಲ್ಲಿ ಗೋಳ ತುಸು ಸೊಟ್ಟಗಾದರೂ ಬಿಂಬ ಅಲುಗಾಡುತ್ತದೆ. ಅಂಥ ಗೋಲಿಗೆ ಅಚ್ಚಿನ ನಿಖರತೆ ಅಂದಕ್ಕಿಂತ ಹೆಚ್ಚಾಗಿ ಬೆಳಕಿನ ಪ್ರಶ್ನೆ.

ಗೋಲಿಯನ್ನು ಅಚ್ಚಿನ ಸಮೇತ ಕಿಲ್ನ್‌ನಲ್ಲಿ ಇಡಬಹುದೇ?

ಇಡಬೇಡಿ. ಬೋರೋಸಿಲಿಕೇಟಿನ ಅನೀಲಿಂಗ್ ಬಿಸಿ, ಅಂದರೆ ಒಳಗಿನ ಬಿಗುಪು ಸಡಿಲಲು ಬೇಕಾದ ಬಿಸಿ, ಸುಮಾರು 560 ಡಿಗ್ರಿ, ಮೆತ್ತನೆಯ ಗಾಜಿನದು 500ರಿಂದ 520ರ ಆಸುಪಾಸು. ಎರಡರಲ್ಲೂ ಗಂಟೆಗಟ್ಟಲೆ ಇಟ್ಟ ಗ್ರಾಫೈಟ್ ಉರಿದು ತೆಳುವಾಗುತ್ತದೆ. ಗೋಲಿಯನ್ನು ಮಾತ್ರ ಸೆರಾಮಿಕ್ ಉಣ್ಣೆಯ ಹಾಸಿನ ಮೇಲೆ ಅಥವಾ ಸಣ್ಣ ತಗ್ಗಿನಲ್ಲಿ ಕೂರಿಸಬೇಕು. ಮಣಿಯ ಕೆಲಸದಿಂದ ಬಂದವರು ತಣಿಸುವ ಅವಧಿಯನ್ನು ಕಡಿಮೆ ಅಂದಾಜಿಸುತ್ತಾರೆ: ದಪ್ಪ ಇಮ್ಮಡಿಯಾದರೆ ತಣಿಸುವ ವೇಗವನ್ನು ನಾಲ್ಕನೇ ಒಂದು ಭಾಗಕ್ಕೆ ಇಳಿಸಬೇಕು. ಒಳಗೆ ಬಿಗುಪು ಉಳಿದಿದೆಯೇ ಎಂದು ತಿಳಿಯಲು ಎರಡು ಪೋಲರಾಯ್ಡ್ ಹಾಳೆಗಳನ್ನು (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ) ಬೆಳಕು ಮುಚ್ಚುವಂತೆ ಅಡ್ಡಡ್ಡ ಹಿಡಿದು, ನಡುವೆ ಗೋಲಿಯಿಟ್ಟು ನೋಡಿ. ಬಿಗುಪಿದ್ದಲ್ಲಿ ಬೆಳಕು ತೂರಿಬರುತ್ತದೆ.

ಅಚ್ಚಿನ ಆರೈಕೆ ಹೇಗೆ? ಎಣ್ಣೆ ಹಚ್ಚಬಹುದೇ?

ಎಣ್ಣೆ, ಮೇಣ ಯಾವುದೂ ಬೇಡ. ಗ್ರಾಫೈಟಿಗೆ ಜಾರುಗುಣ ಹುಟ್ಟಿನಿಂದಲೇ ಇದೆ. ಆಮ್ಲಜನಕದ ಸಿಲಿಂಡರ್, ರೆಗ್ಯುಲೇಟರ್ ಇರುವ ಕೋಣೆಯಲ್ಲಿ ಎಣ್ಣೆ ಮೆತ್ತಿದ ಕೈ ಬೆಂಕಿಗೆ ಆಹ್ವಾನವೂ ಹೌದು. ಕೆಲಸಕ್ಕೆ ಮುಂಚೆ ಒಣ ಹತ್ತಿಬಟ್ಟೆಯಿಂದ ಕುಳಿಯನ್ನು ಒರೆಸಿ. ಗೀರು ಬಿದ್ದರೆ 600ರ, ಬಳಿಕ ಇನ್ನೂ ನುಣುಪಾದ 1000ದ ಸಂಖ್ಯೆಯ ಪಾಲಿಶ್ ಕಾಗದವನ್ನು ಅದೇ ಗಾತ್ರದ ಗೋಲಿಯೊಂದಕ್ಕೆ ಸುತ್ತಿ ಮೆಲ್ಲಗೆ ತಿರುಗಿಸಿ. ಬೆರಳಿನಿಂದ ಉಜ್ಜಿದರೆ ಕುಳಿಯ ಆಕಾರವೇ ತಪ್ಪುತ್ತದೆ. ಏಳುವ ಧೂಳನ್ನು ಬಾಯಿಂದ ಊದಬೇಡಿ, ಮುಖಗವುಸು ಧರಿಸಿ, ಒದ್ದೆ ಬಟ್ಟೆಯಿಂದ ಮೇಜನ್ನು ಒರೆಸಿ. ಅಚ್ಚನ್ನು ನೀರಿಗೆ ಅದ್ದಿ ತಣಿಸುವ ಚಾಳಿ ಬೇಡ.

ಗ್ರಾಫೈಟ್ ಅಚ್ಚು ಬರುವ ಮೊದಲು ಕೈಗೋಲಿಗಳನ್ನು ಹೇಗೆ ಮಾಡುತ್ತಿದ್ದರು?

ಈ ಕಸುಬಿನ ತವರು ಜರ್ಮನಿಯ ಥುರಿಂಜಿಯಾದ ಲೌಶಾ. 1597ರಿಂದ ಗಾಜಿನ ಕುಲುಮೆಯಿದ್ದ ಆ ಬೆಟ್ಟದೂರಿನಲ್ಲಿ 1840ರ ದಶಕದಲ್ಲಿ ಗೋಲಿ ಕತ್ತರಿ ಎಂಬ ಸಾಧನ ಬಳಕೆಗೆ ಬಂತು. ಚಿಮಟದಂಥ ಆ ಕತ್ತರಿಯ ಒಂದು ತೋಳಿಗೆ ಬಟ್ಟಲು, ಇನ್ನೊಂದಕ್ಕೆ ಅಲಗು. ಒಳಗೆ ಬಣ್ಣದ ಎಳೆಗಳಿರುವ ಉದ್ದನೆಯ ಗಾಜಿನ ಕೋಲಿನ ತುದಿಯನ್ನು ಬಿಸಿಮಾಡಿ ಬಟ್ಟಲಿನಲ್ಲಿ ತಿರುಗಿಸಿ ಗುಂಡಗೆ ಮಾಡುವುದು, ಅಲಗಿನಿಂದ ಕತ್ತರಿಸುವುದು, ಮತ್ತೆ ತುದಿಯನ್ನು ಬಿಸಿ ಮಾಡುವುದು: ಒಂದೇ ಕೋಲಿನಿಂದ ಸಾಲಾಗಿ ಗೋಲಿಗಳು ಬರುತ್ತಿದ್ದವು. ನಾವು ಇಂದು ಬಳಸುವ ಕುಳಿಯ ಪೂರ್ವಜ ಆ ಬಟ್ಟಲೇ. ಕತ್ತರಿಸಿದ ಜಾಗದ ಒರಟು ಗುರುತು ಹಳೆಯ ಗೋಲಿಗಳ ತುದಿಗಳಲ್ಲಿ ಉಳಿದಿರುತ್ತದೆ, ಸಂಗ್ರಾಹಕರು ಕೈಗೋಲಿಯನ್ನು ಗುರುತಿಸುವುದು ಅದರಿಂದ. 1905ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್‌ನಲ್ಲಿ ಮಾರ್ಟಿನ್ ಫ್ರೆಡರಿಕ್ ಕ್ರಿಸ್ಟೆನ್ಸನ್ ಗೋಲಿ ಯಂತ್ರಕ್ಕೆ ಪೇಟೆಂಟ್ ಪಡೆದರು; ಮೊದಲ ಮಹಾಯುದ್ಧ ಜರ್ಮನಿಯ ರಫ್ತನ್ನು ನಿಲ್ಲಿಸಿದಾಗ ಮಾರುಕಟ್ಟೆ ಯಂತ್ರದ ಗೋಲಿಯ ಪಾಲಾಯಿತು.

ಈ ಕೆಲಸದಲ್ಲಿ ಕಣ್ಣಿಗೆ, ಉಸಿರಿಗೆ ಯಾವ ರಕ್ಷಣೆ ಬೇಕು?

ಬಿಸಿ ಗಾಜಿನ ಸೋಡಿಯಂ ಸುಮಾರು 589 ನ್ಯಾನೋಮೀಟರಿನ ಹಳದಿ ಬೆಳಕನ್ನು ಚೆಲ್ಲುತ್ತದೆ. ಆ ಹಳದಿಯನ್ನು ಸೋಸುವ ಡಿಡಿಮಿಯಂ ಕನ್ನಡಕವಿಲ್ಲದೆ ಅಚ್ಚಿನಲ್ಲಿ ಗಾಜು ಹೇಗೆ ಕೂತಿದೆ ಎಂಬುದೇ ಕಾಣದು. ಬೋರೋಸಿಲಿಕೇಟಿನ ಪ್ರಖರ ಕಾವಿಗೆ ಅದರ ಮೇಲೆ ಇನ್ನಷ್ಟು ಗಾಢವಾದ ಗಾಜು ಬೇಕು. ಟಾರ್ಚಿನ ಹೊಗೆಯನ್ನು ಹೊರಗೆಳೆಯುವ ಫ್ಯಾನ್, ಗ್ಯಾಸ್ ಮತ್ತು ಆಮ್ಲಜನಕದ ಎರಡೂ ಕೊಳವೆಗಳಿಗೆ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ (ಉರಿ ಕೊಳವೆಯೊಳಗೆ ಹಿಂದಕ್ಕೆ ನುಗ್ಗದಂತೆ ತಡೆಯುವ ಸಾಧನ), ಹತ್ತಿಯ ಬಟ್ಟೆ ಇವು ಕಡ್ಡಾಯ. ಮಾರಾಟಕ್ಕೆ ಮಾಡುವವರು ಮನೆಯ ಅಡುಗೆ ಸಿಲಿಂಡರ್ ಬಳಸುವಂತಿಲ್ಲ. 19 ಕಿಲೋ ವಾಣಿಜ್ಯ ಸಿಲಿಂಡರ್ ತರಬೇಕು.

ಗೋಲಿ ಗುಂಡಗಿದೆಯೇ ಎಂದು ಪರೀಕ್ಷಿಸುವುದು, ಮತ್ತು ಮಕ್ಕಳ ಕೈಗೆ ಕೊಡುವುದು?

ತಣಿದ ಗೋಲಿಯನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಹಿಡಿದು ಬೇರೆ ಬೇರೆ ದಿಕ್ಕಿನಲ್ಲಿ ಅಳೆಯಿರಿ, ಅದರಲ್ಲೂ ಹಿಡಿಕಡ್ಡಿಯ ಅಕ್ಷದ ಉದ್ದಕ್ಕೆ. 25 ಮಿಲಿಮೀಟರ್ ಗೋಲಿಯಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸವನ್ನು ಕಣ್ಣು ಗುರುತಿಸುವುದಿಲ್ಲ, ಆಟ ಗುರುತಿಸುತ್ತದೆ: ಸಮತಟ್ಟಾದ ಗಾಜಿನ ಹಲಗೆಯ ಮೇಲೆ ಮೆಲ್ಲಗೆ ಉರುಳಿಸಿದಾಗ ಅದು ನೇರ ದಾರಿ ಬಿಟ್ಟು ಓಲಾಡುತ್ತದೆ. ಮೂರು ವರ್ಷದೊಳಗಿನ ಮಕ್ಕಳಿಗೆ ಯಾವ ಗೋಲಿಯನ್ನೂ ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ದೊಡ್ಡ ತಿಳಿಗೋಲಿಗಳನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಪ್ರದರ್ಶನಕ್ಕಿಡಬೇಡಿ. ಗಾಜಿನ ಗೋಳ ಸೂರ್ಯನ ಬೆಳಕನ್ನು ತನ್ನ ಹಿಂಬದಿಯಿಂದ ಅಡ್ಡಳತೆಯ ಕಾಲುಭಾಗದಷ್ಟು ದೂರದಲ್ಲಿ ಒಟ್ಟುಗೂಡಿಸುತ್ತದೆ. ಅಲ್ಲಿ ಕಾಗದವೋ ಪರದೆಯೋ ಇದ್ದರೆ ಹೊತ್ತಿಕೊಳ್ಳಲು ಹೆಚ್ಚು ಹೊತ್ತು ಬೇಕಿಲ್ಲ.